ಒಂದು ಬಿಟ್ಟು ಒಂದು ಕಿವಿ

ಮೈದಾ ಹಿಟ್ಟಿನ ಅಂಟು ಒಲೆಯ ಮೇಲೆ ಕೊತಕೊತ ಕುದಿಯುವಾಗ ಒಂದು ವಾಸನೆ ಬರುತ್ತದೆ. ಹುಳ ಹತ್ತದಿರಲಿ ಎಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿದರಂತೂ ಗಂಜಿಯ ಆಸೆಯೂ ಔಷಧಿಯ ಹೆದರಿಕೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಪುಸ್ತಕಕ್ಕೆ ರಟ್ಟು ಕಟ್ಟುವವನ ಮಗಳಾಗಿ ಹುಟ್ಟಿದ ಅಕ್ಷರದಮ್ಮನಿಗೆ ಬಾಲ್ಯ ಎಂದರೆ ಆ ವಾಸನೆಯೇ. ಐದು ವರ್ಷದವಳಿದ್ದಾಗ ಗಂಜಿಯೆಂದುಕೊಂಡು ಬೆರಳು ಅದ್ದಿ ನೆಕ್ಕಲು ಹೋಗಿ, ಅಪ್ಪನಿಂದ ಬೆನ್ನಿಗೊಂದು ಗುದ್ದು ತಿಂದಿದ್ದಳು. ಗುದ್ದಿದ ಅಪ್ಪನೇ ಆಮೇಲೆ ಗಾಬರಿಯಾಗಿ ಆ ಬೆರಳನ್ನು ಹತ್ತು ಸಲ ತೊಳೆದಿದ್ದ.

ಈಗ ಅವಳಿಗೆ ಐವತ್ತೆಂಟು. ಕೆಲಸ ಇಂದಿಗೂ ಪ್ರೆಸ್ಸಿನಲ್ಲೇ, ಆದರೆ ಕೈಗೆ ಅಂಟು ಮೆತ್ತುವ ಕೆಲಸವಲ್ಲ. ಇಪ್ಪತ್ತೆರಡು ವರ್ಷಗಳಿಂದ ಕಂಪ್ಯೂಟರಿನ ಮುಂದೆ ಕೂತು ಶಾಲೆಯ ಗಣಿತದ ಪುಸ್ತಕಗಳಿಗೆ ಅಕ್ಷರ ಜೋಡಿಸುತ್ತಾಳೆ. ಹಾಗಾಗಿಯೇ ಅಲ್ಲಿ ಎಲ್ಲರ ಬಾಯಲ್ಲೂ ಅವಳು ಅಕ್ಷರದಮ್ಮ. ಅವಳ ಜೋಡಣೆ ಮೌಸ್ ಹಿಡಿದು ಚಿತ್ರ ಎಳೆಯುವಂಥದ್ದಲ್ಲ, ಆಜ್ಞೆ ಬರೆಯುವಂಥದ್ದು. ‘ಇಲ್ಲಿಂದ ನಾಲ್ಕು ಸೆಂಟಿಮೀಟರ್ ಹೋಗು, ಅರವತ್ತು ಡಿಗ್ರಿ ತಿರುಗು, ಗೆರೆ ಎಳೆ’ ಎಂದು ಸಾಲುಸಾಲಾಗಿ ಬರೆದರೆ ಯಂತ್ರ ಚಾಚೂ ತಪ್ಪದೆ ಎಳೆದುಕೊಡುತ್ತದೆ. ಹೇಳಿದ್ದನ್ನು ಕೇಳುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೂ ಪ್ರೆಸ್ಸಿನಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ಅವಳು ನಗುತ್ತಿದ್ದಳು.

ಈ ಸಲದ ಕೆಲಸ ಮಾತ್ರ ಪುಸ್ತಕವಲ್ಲ. ಅವಳ ನಾದಿನಿ ಕುರುಡು ಮಕ್ಕಳ ಶಾಲೆಯಲ್ಲಿ ಗಣಿತದ ಟೀಚರು. ಆ ಶಾಲೆಯ ಅರವತ್ತು ಮಕ್ಕಳಿಗೆ ದಪ್ಪ ಕಾಗದ ಮಡಿಸಿ ಘನಾಕೃತಿ ಮಾಡಿಕೊಳ್ಳುವ ಒಂದೊಂದು ಕಟ್ಟು ಬೇಕಾಗಿತ್ತು. ಒಂದು ಕಟ್ಟಿನಲ್ಲಿ ಹದಿನೈದು ಹಾಳೆ. ಆರು ಚೌಕಗಳನ್ನು ಹಾಳೆಯ ಮೇಲೆ ಹನ್ನೊಂದು ಬೇರೆಬೇರೆ ರೀತಿಯಲ್ಲಿ ಹರಡಿದರೂ ಮಡಿಸಿದಾಗ ಅದೇ ಚೌಕದ ಡಬ್ಬಿಯಾಗುತ್ತದಂತೆ; ಹನ್ನೊಂದು ಹಾಳೆ ಅದಕ್ಕೇ. ಉಳಿದ ನಾಲ್ಕು ಹಾಳೆಗಳಲ್ಲಿ ಒಂದೊಂದು ಆಕೃತಿ: ನಾಲ್ಕು ಮುಖದ್ದು, ಎಂಟು ಮುಖದ್ದು, ಹನ್ನೆರಡು ಮುಖದ್ದು, ಇಪ್ಪತ್ತು ಮುಖದ್ದು. ಅಂಚಿನಲ್ಲಿ ಅಂಟು ಹಚ್ಚಲೆಂದು ಬಿಡುವ ಸಣ್ಣ ಪಟ್ಟಿಗೆ ಪ್ರೆಸ್ಸಿನಲ್ಲಿ ಕಿವಿ ಅನ್ನುತ್ತಿದ್ದರು. ಕಟ್ಟಿನ ಮೊದಲ ಪುಟದಲ್ಲಿ ಉಬ್ಬು ಚುಕ್ಕಿಗಳಲ್ಲಿ ಒಂದೇ ಒಂದು ಸೂಚನೆ: ಕಿವಿ ಇರುವ ಅಂಚನ್ನು ಕಿವಿ ಇಲ್ಲದ ಅಂಚಿಗೆ ಸೇರಿಸಿ.

ಬೆಳಿಗ್ಗೆ ಒಂಬತ್ತೂವರೆ. ಹಾಳೆಗಳೆಲ್ಲ ಹಿಂದಿನ ದಿನವೇ ಕತ್ತರಿಸಿ ಮುಗಿದಿದ್ದವು. ಸಂಜೆ ನಾಲ್ಕಕ್ಕೆ ಶಾಲೆಗೆ ವ್ಯಾನು ಹೊರಡಬೇಕು, ನಾಳೆ ಬೆಳಿಗ್ಗೆ ಮಕ್ಕಳ ಕೈಗೆ ಕಟ್ಟು. ಅಕ್ಷರದಮ್ಮ ಕಂಪ್ಯೂಟರಿನ ಕಡತಗಳನ್ನು ಎತ್ತಿಡೋಣವೆಂದು ಒಂದನ್ನು ತೆರೆದಳು. ಮೇಲಿನಿಂದ ಕಣ್ಣಾಡಿಸುತ್ತ ಬಂದವಳ ಕಣ್ಣು ಒಂದು ಸಾಲಿನ ಮೇಲೆ ಗಕ್ಕನೆ ನಿಂತಿತು. ಅದು ಯಂತ್ರ ಓದದ ಸಾಲು, ಬರೆದವರು ತಮಗೆ ತಾವೇ ಬರೆದುಕೊಳ್ಳುವ ಟಿಪ್ಪಣಿ.

‘ಸದ್ಯಕ್ಕೆ ಒಂದು ಬಿಟ್ಟು ಒಂದು ಅಂಚಿಗೆ ಕಿವಿ. ಆಮೇಲೆ ಜೋಡಿ ನೋಡಿ ಸರಿಮಾಡು.’

ಬರೆದದ್ದು ಅವಳೇ. ಮೊದಲ ದಿನ ಶಿಲುಬೆಯಾಕಾರದ ಚೌಕದ ಹಾಳೆ ಬರೆಯುವಾಗ, ಯಾವ ಅಂಚು ಯಾವ ಅಂಚಿಗೆ ಸೇರುತ್ತದೆಂದು ಕೂತು ಲೆಕ್ಕ ಹಾಕುವ ತಾಳ್ಮೆ ಇರಲಿಲ್ಲ. ಸುತ್ತಲೂ ಅಂಚು ಎಣಿಸುತ್ತ ಹೋಗಿ, ಬೆಸ ಸಂಖ್ಯೆಗೆ ಕಿವಿ ಹಾಕು, ಸಮಕ್ಕೆ ಬೇಡ ಎಂದು ಯಂತ್ರಕ್ಕೆ ಹೇಳಿಬಿಟ್ಟಿದ್ದಳು. ತೆಳು ಕಾಗದದಲ್ಲಿ ಮಡಿಸಿ ನೋಡಿದರೆ ಡಬ್ಬಿ ಕೂಡಿಕೊಂಡಿತು, ಪ್ರೆಸ್ಸಿನ ಯಜಮಾನರು ಭೇಷ್ ಅಂದರು. ಅಷ್ಟರಲ್ಲಿ ಇನ್ನೊಂದು ಪಠ್ಯಪುಸ್ತಕದ ಕರಡು ಬಂದು ಮೇಜಿನ ಮೇಲೆ ಬಿತ್ತು. ಉಳಿದ ಹದಿನಾಲ್ಕನ್ನೂ ಮೊದಲನೆಯದರ ನಕಲಿನ ಮೇಲೇ ಎಬ್ಬಿಸಿದಳು. ಆಕೃತಿಗಳನ್ನೇನೋ ಜೋಪಾನವಾಗಿ ಬರೆದಳು. ಕಿವಿಯ ಆ ಎರಡು ಸಾಲು ಹಾಗೇ ಉಳಿದವು. ‘ಆಮೇಲೆ’ ಅನ್ನುವುದು ಬರಲೇ ಇಲ್ಲ.

ಅವಳು ಕೂಡಲೇ ಕಿವಿಗಳನ್ನು ಎಣಿಸಿದಳು. ಇಪ್ಪತ್ತು ಮುಖದ್ದಕ್ಕೆ ಹೊರ ಅಂಚು ಇಪ್ಪತ್ತೆರಡು, ಕಿವಿ ಹನ್ನೊಂದು. ಎಣಿಕೆ ಸರಿ. ಆದರೆ ಊರಲ್ಲಿ ಹನ್ನೊಂದು ಗಂಡು ಹನ್ನೊಂದು ಹೆಣ್ಣು ಇದ್ದ ಮಾತ್ರಕ್ಕೆ ಹನ್ನೊಂದು ಮದುವೆ ಆಗಿಬಿಡುತ್ತದೆಯೇ? ಒಂದು ಕಡೆ ಎರಡು ಕಿವಿ ಎದುರುಬದುರಾಗಿ, ಇನ್ನೊಂದು ಕಡೆ ಎರಡು ಬೋಳು ಅಂಚು ಮುಖ ಮುಖ ನೋಡಿಕೊಂಡು ನಿಂತರೆ?

ಕಣ್ಣಿದ್ದ ಮಕ್ಕಳಾದರೆ ಚಿಂತೆಯಿರಲಿಲ್ಲ. ಬೇಡದ ಕಿವಿ ಕತ್ತರಿಸಿ, ಬೋಳು ಅಂಚಿಗೆ ಟೇಪು ಸುತ್ತಿ, ಪ್ರೆಸ್ಸಿನವರಿಗೆ ನಾಲ್ಕು ಬೈದು ಸುಮ್ಮನಾಗುತ್ತಿದ್ದವು. ಈ ಮಕ್ಕಳಿಗೆ ಇರುವುದು ಬೆರಳು ಮತ್ತು ಆ ಒಂದು ಸೂಚನೆ. ಸೂಚನೆ ಸುಳ್ಳಾದರೆ ಅವು ಹಾಳೆಯನ್ನು ಬೈಯುವುದಿಲ್ಲ, ತಮ್ಮ ಕೈಯನ್ನೇ ಬೈದುಕೊಳ್ಳುತ್ತವೆ. ಇದು ಅಕ್ಷರದಮ್ಮನಿಗೆ ಊಹೆಯಲ್ಲ. ನಾದಿನಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಶಾಲೆಯಲ್ಲಿ ರಟ್ಟಿನ ಡಬ್ಬಿ ಮಾಡಲು ಕೊಟ್ಟಿದ್ದರಂತೆ. ಎಷ್ಟು ಮಡಿಸಿದರೂ ಕೂಡಲಿಲ್ಲ. ಪಕ್ಕದಲ್ಲಿದ್ದವರು ‘ಪಾಪ, ಕಾಣಲ್ಲವಲ್ಲ’ ಎಂದರಂತೆ. ರಟ್ಟನ್ನೇ ತಪ್ಪಾಗಿ ಕತ್ತರಿಸಿದ್ದರು ಎಂದು ತಿಳಿಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷ ಅವಳು ಕೈಯಿಂದ ಏನನ್ನೂ ಮಾಡಲು ಒಪ್ಪಿರಲಿಲ್ಲ.

ಅಕ್ಷರದಮ್ಮ ಎದ್ದು ಯಜಮಾನರ ಕೋಣೆಗೆ ಹೋದಳು. ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. ಮುಚ್ಚಿಟ್ಟರೆ ಮುಖವೇ ಹೇಳಿಬಿಡುತ್ತಿತ್ತು. ಯಜಮಾನರು ಕನ್ನಡಕ ಹಣೆಗೇರಿಸಿಕೊಂಡು ಕೇಳಿದರು.

“ಅಕ್ಷರದಮ್ಮ, ಕೆಟ್ಟಿದೆ ಅಂತೀರೋ, ಕೆಟ್ಟಿರಬಹುದು ಅಂತೀರೋ?”

“ಕೆಟ್ಟಿರಬಹುದು.”

“ನೋಡದೇ ಅಳೋದು ಬೇಡ. ಮಡಿಸಿ ನೋಡಿ. ಆ ದಪ್ಪ ಕಾಗದ ಮುಗಿದುಹೋಯ್ತು, ಇನ್ನೊಂದು ಸಲ ತರಿಸೋಕೆ ಹತ್ತು ದಿನ ಬೇಕು. ವ್ಯಾನಿನವನಿಗೆ ನಾಲ್ಕು ಗಂಟೆ ಅಂತ ಹೇಳಿದೀನಿ, ಮೂರರವರೆಗೆ ಒಂದು ಕಟ್ಟನ್ನೂ ತುಂಬಿಸಲ್ಲ.” ಕನ್ನಡಕ ಮತ್ತೆ ಮೂಗಿಗಿಳಿಸುತ್ತ ಅಂದರು, “ಬೇರೆ ಕಡೆ ಕೊಡಿಸೋಣ ಅಂದೆ, ನೀವೇ ಹಟ ಹಿಡಿದ್ರಿ. ಹೋಗಲಿ ಬಿಡಿ. ಆ ಮಾತು ಆಡಬಾರದಾಗಿತ್ತು ನಾನು.”

ಕತ್ತರಿಸುವ ಯಂತ್ರ ನೋಡಿಕೊಳ್ಳುವ ಮಷಿನ್ನಣ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವಳು ತನ್ನ ಕುರ್ಚಿಗೆ ಮರಳುವುದರೊಳಗೆ ಹದಿನೈದು ಹಾಳೆಯ ಒಂದು ಕಟ್ಟು ಮೇಜಿನ ಮೇಲಿತ್ತು, ಮಡಿಕೆಯ ಗೆರೆಗಳನ್ನೆಲ್ಲ ಒಂದು ಸಲ ಬಗ್ಗಿಸಿ ಸಡಿಲ ಮಾಡಿಟ್ಟಿದ್ದ. ಪಕ್ಕದಲ್ಲಿ ಅಂಟಿನ ಟ್ಯೂಬು.

“ನಂದೇ ತಪ್ಪು ಅಂತ ಹೇಳಿಬಿಡ್ಲಾ ಅಮ್ಮ? ಮಷಿನ್ ಜಾರ್ತು ಅಂತ?”

“ಸುಮ್ನಿರಪ್ಪಾ. ಮಷಿನ್ನಿಗೆ ಬಾಯಿಲ್ಲ ಅಂತ ಅದರ ತಲೆಗೆ ಕಟ್ಟೋದಾ?”

“ಬಾಯಿಲ್ಲದ್ದು ಅದಕ್ಕಲ್ಲ, ನನಗೆ. ಮನೇಲಿ ಅಭ್ಯಾಸ ಇದೆ.”

ನಗು ಬರದ ಹೊತ್ತಿನಲ್ಲೂ ಅವಳಿಗೆ ತುಸು ನಗು ಬಂತು. ನಾಲ್ಕು ಮುಖದ್ದನ್ನು ಮಡಿಸಿದಳು, ಕೂಡಿತು. ಚೌಕದ್ದೊಂದು ಮೆಟ್ಟಿಲಿನ ಹಾಗೆ ಓರೆಯಾಗಿ ಇಳಿದಿತ್ತು, ಅದನ್ನೂ ಮಡಿಸಿದಳು. ಕೂಡಿತು. ಆದರೆ ಕೊನೆಯ ಮುಚ್ಚಳ ಮುಚ್ಚುವಾಗ ತನ್ನ ಹೆಬ್ಬೆರಳು ತನಗೆ ಹೇಳದೆಯೇ ಕಿವಿಯನ್ನು ತುಸು ಒತ್ತಿ, ಒಳಕ್ಕೆ ತಳ್ಳಿ, ದಾರಿ ಮಾಡಿಕೊಟ್ಟಿದ್ದು ಅವಳಿಗೆ ಕಂಡಿತು. ರಟ್ಟು ಕಟ್ಟುವವನ ಮಗಳ ಕೈ. ಅದು ಸೊಟ್ಟಗಿರುವುದನ್ನೂ ಕೂಡಿಸಿಬಿಡುತ್ತದೆ. ತನ್ನ ಕೈಯ ಸಾಕ್ಷಿ ಇಲ್ಲಿ ನಡೆಯುವುದಿಲ್ಲ ಎನಿಸಿತು. ಉಳಿದ ಹದಿಮೂರು ಹಾಳೆಗಳನ್ನು ರಟ್ಟುಗಳ ನಡುವೆ ಇಟ್ಟು ಕಟ್ಟಿಕೊಂಡು ಹೊರಟೇಬಿಟ್ಟಳು.

ಬಸ್ಸಿನಲ್ಲಿ ಜನ. ಕಟ್ಟು ಬಗ್ಗದಿರಲಿ ಎಂದು ಎದೆಗವಚಿಕೊಂಡು ನಿಂತವಳನ್ನು ನೋಡಿ ಕಂಡಕ್ಟರು ತಾನು ಕೂರುವ ಸೀಟು ಬಿಟ್ಟುಕೊಟ್ಟ. “ಏನಮ್ಮಾ, ಗಾಜಾ?” ಎಂದ. “ಅದಕ್ಕಿಂತ ನಾಜೂಕು” ಎಂದಳು. ಅವನು ಪ್ರತಿ ತಿರುವಿನಲ್ಲೂ ಕಟ್ಟಿಗೆ ಅಡ್ಡಲಾಗಿ ಕೈ ಹಿಡಿದ.

ಶಾಲೆ ಒಂದೇ ಅಂತಸ್ತಿನ ಹಳೆಯ ಕಟ್ಟಡ. ಮಕ್ಕಳು ಊಟಕ್ಕೆ ಹೋಗಿದ್ದರು. ನಾದಿನಿ ಖಾಲಿ ತರಗತಿಯಲ್ಲಿ ಕೂತು ಉತ್ತರ ಪತ್ರಿಕೆಯ ಚುಕ್ಕಿಗಳ ಮೇಲೆ ಬೆರಳು ಓಡಿಸುತ್ತಿದ್ದಳು. ಐವತ್ತಾಗಿ ತಲೆ ಬೆಳ್ಳಗಾಗಿದ್ದರೂ ಮನೆಯವರಿಗೆಲ್ಲ ಅವಳು ಇಂದಿಗೂ ಪುಟ್ಟಿ.

“ಅತ್ತಿಗೆ, ನಿಮ್ಮ ಚಪ್ಪಲಿ ಇವತ್ತು ಓಡ್ತಾ ಇದೆ. ಯಾರು ಅಟ್ಟಿಸ್ಕೊಂಡು ಬಂದ್ರು?”

“ನನ್ನ ಬುದ್ಧಿನೇ ಅಟ್ಟಿಸ್ಕೊಂಡು ಬಂತು ಪುಟ್ಟಿ.” ಅಕ್ಷರದಮ್ಮ ಎದುರು ಬೆಂಚಿನಲ್ಲಿ ಕುಸಿದು ಕೂತು ಎಲ್ಲವನ್ನೂ ಹೇಳಿದಳು, ಟಿಪ್ಪಣಿಯ ಸಾಲನ್ನೂ ಬಿಡದೆ. “ನಾಳೆ ಅರವತ್ತು ಮಕ್ಕಳು… ನಿನಗೇ ನಾನು ಹೀಗೆ ಮಾಡೋದಾ?”

ಪುಟ್ಟಿ ಉತ್ತರ ಪತ್ರಿಕೆಗಳನ್ನು ಬದಿಗೆ ಸರಿಸಿದಳು. “ಕೊಡಿ ಇಲ್ಲಿ. ನೀವು ಮಾತ್ರ ಕೈ ಹಚ್ಚಬೇಡಿ, ಉಸಿರೂ ಬಿಡಬೇಡಿ. ನಿಮಗೆ ಕಣ್ಣಿದೆ, ನಂಬೋಕಾಗಲ್ಲ.”

ಮೊದಲ ಹಾಳೆ ಎತ್ತಿಕೊಂಡಳು. ಬೆರಳು ಅಂಚಿನಗುಂಟ ಒಂದು ಸುತ್ತು ಬಂದವು. ಒಂದು ಕಡೆ ಮಡಿಸಿ ಕಿವಿಯನ್ನು ಮುಟ್ಟಿದಳು, ಎದುರಿಗೆ ಬಂದು ನಿಂತ ಅಂಚನ್ನು ಮುಟ್ಟಿದಳು. ಬೋಳು. “ಹೂಂ” ಎಂದಳು. ಅಂಟು ಹಚ್ಚಿದಳು. ಮುಂದಿನದು. “ಹೂಂ.” ಎಲ್ಲಿಯೂ ಒತ್ತುತ್ತಿರಲಿಲ್ಲ, ತಳ್ಳುತ್ತಿರಲಿಲ್ಲ, ಕಾಗದ ತಾನಾಗಿ ಬಂದರೆ ಬರಲಿ ಎಂಬಂತೆ ಕಾಯುತ್ತಿದ್ದಳು. ಅಕ್ಷರದಮ್ಮ ಪ್ರತಿ ‘ಹೂಂ’ಗೂ ಒಂದೊಂದು ಉಸಿರು ಬಿಟ್ಟಳು. ಚೌಕದ ಹತ್ತು ಹಾಳೆ ಹತ್ತು ಡಬ್ಬಿಗಳಾಗಿ ಬೆಂಚಿನ ಮೇಲೆ ಸಾಲಾಗಿ ಕೂತವು. ಎಂಟು ಮುಖದ್ದು ಎದ್ದು ನಿಂತಿತು.

ಅಡುಗೆಮನೆಯಾಕೆ ಬಾಗಿಲಲ್ಲಿ ಇಣುಕಿ, “ಟೀಚರೇ, ಊಟ ಆರಿಹೋಗ್ತದೆ” ಎಂದಳು. ಇಬ್ಬರಿಗೂ ಕೇಳಿಸಲಿಲ್ಲ. ಅವಳು ಬೆಂಚಿನ ಮೇಲಿನ ಡಬ್ಬಿಗಳನ್ನೂ ಅಕ್ಷರದಮ್ಮನ ಮುಖವನ್ನೂ ಒಮ್ಮೆ ನೋಡಿ ಹೊರಟುಹೋದಳು.

ಹನ್ನೆರಡು ಮುಖದ್ದು ಸತಾಯಿಸಿತು. ಅದಕ್ಕೆ ಹತ್ತೊಂಬತ್ತು ಕಿವಿ. ಒಂಬತ್ತನೆಯದರ ಹತ್ತಿರ ಪುಟ್ಟಿಯ ಬೆರಳು ನಿಂತುಬಿಟ್ಟವು.

“ಏನಾಯ್ತು?”

“ಶ್.”

“ಎರಡು ಕಿವಿ ಎದುರಾದ್ವಾ?”

“ಅತ್ತಿಗೆ, ಮೂಗು ತುರಿಸ್ತಾ ಇದೆ. ಎರಡೂ ಕೈ ಅಂಟು. ತುರಿಸ್ತೀರಾ, ಇಲ್ಲ ಪ್ರಶ್ನೆ ಕೇಳ್ತೀರಾ?”

ಅಕ್ಷರದಮ್ಮ ಮೂಗು ತುರಿಸಿದಳು. ಪುಟ್ಟಿ ತನ್ನ ಕೆನ್ನೆಯನ್ನು ಆ ಕೈಗೆ ಒಂದು ಕ್ಷಣ ಒತ್ತಿ ಹಿಡಿದು ಮತ್ತೆ ಕೆಲಸಕ್ಕೆ ಬಿದ್ದಳು. ಹನ್ನೆರಡು ಮುಖದ್ದು ಮುಚ್ಚಿಕೊಂಡಿತು. ಕಡೆಗೆ ಇಪ್ಪತ್ತರದು. ಹತ್ತು ಕಿವಿಗಳು ಸೇರಿದವು. ಹನ್ನೊಂದನೆಯದು ಉಳಿದಾಗ ಉಳಿದ ಬಾಯಿಯೂ ಒಂದೇ ಇತ್ತು, ಅದರ ಒಂದು ತುಟಿಗೆ ಕಿವಿ, ಇನ್ನೊಂದು ಬೋಳು. ಪುಟ್ಟಿ ಅದನ್ನು ಮುಚ್ಚಿ, ಚೆಂಡಿನ ಹಾಗೆ ಎತ್ತಿ, ಅತ್ತಿಗೆಯ ಮಡಿಲಿಗೆ ಹಾಕಿದಳು.

“ಒಂದೂ ತಪ್ಪಿಲ್ಲ. ಹೋಗಿ, ಮುಖ ತೊಳ್ಕೊಂಡು ಬನ್ನಿ.”

ಹೋದ ಜೀವ ಬಂದಂತಾಯಿತು. ಅಕ್ಷರದಮ್ಮ ಮುಖ ತೊಳೆಯಲು ಹೋಗಲಿಲ್ಲ, ಅಲ್ಲೇ ಸೆರಗಿನಲ್ಲಿ ಒರೆಸಿಕೊಂಡಳು. ನಕ್ಕಳು, ಮತ್ತೆ ಒರೆಸಿಕೊಂಡಳು. ಆಮೇಲೆ ಅವಳಿಗೆ ಬೇರೆಯೇ ಸಂಕಟ ಶುರುವಾಯಿತು.

“ಆದ್ರೆ ಹೇಗೆ ಪುಟ್ಟಿ? ನಾನು ಜೋಡಿ ನೋಡಿರಲೇ ಇಲ್ಲ. ಕುರುಡು ಅದೃಷ್ಟ ಹದಿನೈದು ಸಲ ಹೊಡೆಯುತ್ತಾ?” ಅಂದವಳು ಮಾತು ನುಂಗಿಕೊಂಡಳು.

“ಕುರುಡಿಗೆ ಅದೃಷ್ಟ ಬೇಡ, ಗೋಡೆ ಸಾಕು,” ಎಂದು ಪುಟ್ಟಿ ನಕ್ಕಳು. ತುಟಿಯಲ್ಲೇ ಏನೋ ಎಣಿಸಿದಳು. ಆಮೇಲೆ ತಟ್ಟನೆ ಎದ್ದಳು. “ಏಳಿ. ಬಾಗಿಲ ಹತ್ತಿರ ಹೋಗೋಣ. ಕಣ್ಣು ಮುಚ್ಕೊಳ್ಳಿ.”

ಶಾಲೆಯ ಮುಂಬಾಗಿಲಿನಿಂದ ಒಂದು ಕಾರಿಡಾರ್ ಒಳಕ್ಕೆ ಹೋಗುತ್ತದೆ. ನಡುವೆ ಬಲಕ್ಕೆ ಒಂದು ಕವಲು, ಅದು ಲೈಬ್ರರಿಯ ಗೋಡೆಗೆ ಮುಗಿಯುತ್ತದೆ. ನೇರ ಹೋದರೆ ಉಗ್ರಾಣದ ಗೋಡೆ. ಅಷ್ಟೇ. ಪುಟ್ಟಿ ಅತ್ತಿಗೆಯ ಬಲಗೈಯನ್ನು ಗೋಡೆಗೆ ಹಚ್ಚಿದಳು.

“ಗೋಡೆ ಬಿಡದೆ ನಡೀರಿ. ಕವಲು ಬಂದಾಗ, ಕೊನೆ ಮುಟ್ಟಿದಾಗ, ಒಂದು ತುಂಡು ಮುಗೀತು ಅಂತ ಲೆಕ್ಕ. ಒಂದು ತುಂಡಿಗೆ ‘ಇದೆ’ ಅನ್ನಿ, ಮುಂದಿನದಕ್ಕೆ ‘ಇಲ್ಲ’ ಅನ್ನಿ. ನಿಮ್ಮ ಕಿವಿ ಹಾಗೇ.”

ಅಕ್ಷರದಮ್ಮ ಕಣ್ಣು ಮುಚ್ಚಿ ನಡೆದಳು. ಗೋಡೆ ತಣ್ಣಗಿತ್ತು, ಮಕ್ಕಳ ಕೈ ಸವರಿ ಸವರಿ ಒಂದು ಎತ್ತರದಲ್ಲಿ ನುಣುಪಾಗಿತ್ತು. ಕವಲಿನವರೆಗೆ, “ಇದೆ.” ಬಲಕ್ಕೆ ತಿರುಗಿ ಲೈಬ್ರರಿಯ ಗೋಡೆಯವರೆಗೆ, “ಇಲ್ಲ.” ಅಲ್ಲಿಂದ ಆಚೆ ಬದಿಯ ಗೋಡೆ ಹಿಡಿದು ಹಿಂದಕ್ಕೆ, “ಇದೆ.” ಕವಲಿನಿಂದ ಉಗ್ರಾಣಕ್ಕೆ, “ಇಲ್ಲ.” ಅಲ್ಲಿಂದ ಎದುರು ಗೋಡೆ ಹಿಡಿದು ಹಿಂದಕ್ಕೆ, ಪುಟ್ಟಿ ‘ಕವಲು’ ಎಂದು ಕೂಗುವ ತನಕ, “ಇದೆ.” ಕಡೆಗೆ ಕವಲಿನಿಂದ ಮುಂಬಾಗಿಲಿಗೆ, “ಇಲ್ಲ.”

“ಈಗ ಹೇಳಿ. ಲೈಬ್ರರಿ ಕಡೆ ಹೋಗುವಾಗ ಏನಂದ್ರಿ?”

“ಇಲ್ಲ.”

“ಬರುವಾಗ?”

“ಇದೆ.”

“ಉಗ್ರಾಣ?”

“ಹೋಗುವಾಗ ಇಲ್ಲ, ಬರುವಾಗ ಇದೆ.” ಅಕ್ಷರದಮ್ಮ ಕಣ್ಣು ಬಿಟ್ಟಳು. “ಬಾಗಿಲ ಹತ್ತಿರದ್ದು ಹೋಗುವಾಗ ಇದೆ, ಬರುವಾಗ ಇಲ್ಲ… ಅಯ್ಯೋ! ಯಾವ ಓಣಿಗೂ ಎರಡು ‘ಇದೆ’ ಬೀಳಲೇ ಇಲ್ಲ!”

“ಬೀಳೋಕೇ ಆಗಲ್ಲ. ಒಂದು ಓಣಿಗೆ ಹೊಕ್ಕು ವಾಪಸ್ ಬರೋವರೆಗೆ, ಅದರಾಚೆ ಎಷ್ಟು ಕವಲಿದ್ರೂ ಎಲ್ಲದಕ್ಕೂ ಒಳಗೊಂದು ಸಲ ಹೊರಗೊಂದು ಸಲ ಹೋಗಿರ್ತೀರಿ. ಜೋಡಿ ಲೆಕ್ಕ. ಅದಕ್ಕೇ ಬರುವಾಗ ಉಲ್ಟಾನೇ ಬರಬೇಕು. ಡಬ್ಬಿ ಬಿಚ್ಚೋಕೆ ಕತ್ತರಿ ಹೋದ ದಾರಿ ಇದೆಯಲ್ಲ, ಅದೇ ನಮ್ಮ ಕಾರಿಡಾರ್. ಅದರ ಎರಡು ಬದಿ ಗೋಡೆನೇ ನಿಮ್ಮ ಎರಡು ಅಂಚು. ಅವೇ ತಾನೇ ಮತ್ತೆ ಸೇರೋದು?”

ಅಕ್ಷರದಮ್ಮ ಸುಲಭಕ್ಕೆ ಬಿಡುವವಳಲ್ಲ. “ಕಾರಿಡಾರ್ ಸುತ್ತು ಹಾಕಿ ಬಂದು ತನಗೇ ಸೇರಿಕೊಂಡ್ರೆ?”

“ಕತ್ತರಿ ಸುತ್ತು ಬಂದು ಸೇರಿದ್ರೆ ನಡುವಿನ ತುಂಡು ಕೆಳಗೆ ಬಿದ್ದುಹೋಗುತ್ತೆ. ನಿಮ್ಮ ಹಾಳೆ ಎರಡು ಹೋಳು. ಒಂದೇ ಹಾಳೆಯಾಗಿ ಉಳೀಬೇಕಂದ್ರೆ ಕತ್ತರಿ ಕವಲೊಡೆದು ಹೋಗಬೇಕೇ ಹೊರತು ಸುತ್ತಬಾರದು.”

ಅಕ್ಷರದಮ್ಮ ಕಾರಿಡಾರಿನ ನಡುವೆ ನಿಂತು ಬಾಯಲ್ಲಿ ಬೆರಳಿಟ್ಟುಕೊಂಡಳು. ಬೆಳಗಿನಿಂದ ತಾನು ಶಪಿಸುತ್ತಿದ್ದ ಆ ಸೋಮಾರಿ ಸಾಲು, ತಾನು ತಾಳ್ಮೆಯಿಂದ ಕೂತು ಬರೆದಿದ್ದರೂ ಅದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಕೈಯಿಂದ ಜೋಡಿ ಬರೆದಿದ್ದರೆ ಹದಿನೈದು ಹಾಳೆಯಲ್ಲಿ ಎಲ್ಲಾದರೂ ಒಂದು ಕಡೆ ಖಂಡಿತ ತಪ್ಪುತ್ತಿದ್ದಳು.

“ಇಷ್ಟೆಲ್ಲ ನಿನಗೆ ಮೊದಲೇ ಗೊತ್ತಿತ್ತಾ?”

“ಎಲ್ಲಿ ಗೊತ್ತಿತ್ತು? ಈಗ ಮೂಗು ತುರಿಸ್ತಾ ಇದ್ದಾಗ ಹೊಳೀತು,” ಎಂದಳು ಪುಟ್ಟಿ. “ನಾಳೆ ಮಕ್ಕಳನ್ನ ಮೊದಲು ಇಲ್ಲಿ ನಡೆಸ್ತೀನಿ. ಆಮೇಲೆ ಹಾಳೆ ಕೊಡ್ತೀನಿ.”

ಯಜಮಾನರಿಗೆ ಫೋನು ಮಾಡಿದರೆ ಮೊದಲ ಸದ್ದಿಗೇ ಎತ್ತಿದರು. ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರೇನೋ.

“ಹೇಳಿ.”

“ಎಲ್ಲ ಕೂಡ್ತು ಸಾರ್. ಹದಿನೈದೂ.”

ಆ ಕಡೆಯಿಂದ ದೊಡ್ಡದೊಂದು ಉಸಿರು. ಆಮೇಲೆ ಮಷಿನ್ನಣ್ಣನಿಗೆ ಕೂಗಿದ್ದು ಕೇಳಿಸಿತು: “ತುಂಬಿಸೋ!” ಮತ್ತೆ ಫೋನಿಗೆ ಬಂದು, “ಇವತ್ತು ವಾಪಸ್ ಬರಬೇಡಿ. ಆ ಕರಡು ನಾಳೆಗೂ ಅಲ್ಲೇ ಬಿದ್ದಿರುತ್ತೆ, ಕಾಲಿಲ್ಲ ಅದಕ್ಕೆ,” ಎಂದು ಇಟ್ಟುಬಿಟ್ಟರು.

ಅಕ್ಷರದಮ್ಮ ತರಗತಿಗೆ ಮರಳಿ ಬೆಂಚಿನ ಮೇಲೆ ಕೂತಳು. ಬೆಳಗಿನಿಂದ ಹಿಡಿದಿಟ್ಟಿದ್ದ ಬೆನ್ನು ಗೋಡೆಗೆ ಒರಗಿತು. ಹೊರಗೆ ಊಟ ಮುಗಿಸಿದ ಮಕ್ಕಳ ಗದ್ದಲ. ಯಾರೋ ಯಾರನ್ನೋ ಆಣೆ ಹಾಕಿ ಬೈಯುತ್ತಿದ್ದರು, ಇನ್ಯಾರೋ ಹಾಡುತ್ತಿದ್ದರು. ಪುಟ್ಟಿ ಬೆರಳಿಗಂಟಿದ ಅಂಟನ್ನು ಸಿಪ್ಪೆಯ ಹಾಗೆ ಸುಲಿಯುತ್ತ, ಯಾವ ಧಾವಂತವೂ ಇಲ್ಲದೆ ಪಕ್ಕದಲ್ಲಿ ಕೂತಳು.

ಅಡುಗೆಮನೆಯಾಕೆ ಒಳಗೆ ಬಂದಳು. ಎರಡು ಕೈಯಲ್ಲಿ ಎರಡು ತಟ್ಟೆ, ಎರಡರ ಮೇಲೂ ಮುಚ್ಚಳ. ಒಂದನ್ನು ಪುಟ್ಟಿಯ ಮುಂದಿಟ್ಟಳು. ಬೆಂಚಿನ ಮೇಲಿನ ಡಬ್ಬಿಗಳನ್ನು ಮೊಟ್ಟೆ ಸರಿಸುವ ಹಾಗೆ ಒಂದೊಂದಾಗಿ ಬದಿಗೆ ಸರಿಸಿದಳು. ಇನ್ನೊಂದು ತಟ್ಟೆಯ ಮುಚ್ಚಳ ತೆಗೆದಳು, ಹಬೆ ಎದ್ದಿತು. ಮತ್ತೆ ಬಿಸಿ ಮಾಡಿ ತಂದಿದ್ದಳು. ಅದನ್ನು ಅಕ್ಷರದಮ್ಮನ ಕೈಗೆ ಕೊಟ್ಟು, ಅವಳು ಸರಿಯಾಗಿ ಹಿಡಿದುಕೊಂಡಳೆಂದು ನೋಡಿ, ತನ್ನ ಕೈ ಬಿಟ್ಟಳು.